ಕಿವಿ ಚುಚ್ಚಿಸಿದ ಮೇಲೆ

ಸೋದರಮಾವನ ತೊಡೆಯ ಮೇಲೆ ಮಗುವನ್ನು ಕುಳ್ಳಿರಿಸಿ, ಕೈಗೊಂದು ಬೆಲ್ಲದ ಚೂರನ್ನಿತ್ತು, ಅದು ಆ ಸವಿಯಲ್ಲಿ ಮೈಮರೆತಿರುವಷ್ಟರಲ್ಲಿಯೇ ಅಕ್ಕಸಾಲಿಯು ಚಿನ್ನದ ತಂತಿಯನ್ನು ಕಿವಿಹಾಲೆಯಲ್ಲಿ ಹಾಯಿಸಿಬಿಡುವ ಗಳಿಗೆಯನ್ನು ನಮ್ಮ ಮನೆಗಳಲ್ಲಿ ಕಾಣದವರು ವಿರಳ. ಮಗು ಚೀರುತ್ತದೆ, ತಾಯಿಯ ಕಣ್ಣು ತುಂಬುತ್ತದೆ, ಆರತಿಯಾಗುತ್ತದೆ, ನೆಂಟರು ಊಟಕ್ಕೆ ಏಳುತ್ತಾರೆ. ಶಾಸ್ತ್ರ ಮುಗಿಯಿತೆಂದು ಎಲ್ಲರೂ ಭಾವಿಸುವ ಆ ಹೊತ್ತಿನಲ್ಲಿಯೇ ಮಗುವಿನ ದೇಹ ತನ್ನ ಕಾರ್ಯವನ್ನು ಆರಂಭಿಸಿರುತ್ತದೆ. ಅದು ವಾರಗಟ್ಟಲೆ ಸದ್ದಿಲ್ಲದೆ ನಡೆಯತಕ್ಕ ಕಾರ್ಯ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಷೋಡಶ ಸಂಸ್ಕಾರಗಳಲ್ಲಿ ಒಂದೆಂದು ಎಣಿಕೆಯಾದ ಕರ್ಣವೇಧದ ವಿಧಾನವನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ವಿವರಿಸುತ್ತದೆ. ಶಿಶುವಿನ ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಆಟಿಕೆಗಳಿಂದ ಅದನ್ನು ಮರುಳುಗೊಳಿಸುತ್ತ, ವೈದ್ಯನು ಎಡಗೈಯಿಂದ ಕಿವಿಯನ್ನು ಎಳೆದು ಹಿಡಿದು, ಸೂರ್ಯಕಿರಣ ಹಾಯ್ದು ತೋರುವ ತೆಳುವಾದ ತಾಣವನ್ನು ಗುರುತಿಸಿ, ಬಲಗೈಯಿಂದ ಮೆಲ್ಲನೆ, ನೇರವಾಗಿ ಚುಚ್ಚಬೇಕೆಂದು ಅಲ್ಲಿ ವಿಧಿಸಿದೆ. ರಕ್ತವೂ ನೋವೂ ಮಿತಿಮೀರಿದರೆ ಸ್ಥಳ ತಪ್ಪಿತೆಂದೇ ಅರ್ಥ. ಚುಚ್ಚಿದ ಮೇಲೆ ಹತ್ತಿಯ ಬತ್ತಿಯನ್ನಿಟ್ಟು ಎಣ್ಣೆ ಎರೆದು, ಮೂರು ದಿನಗಳಿಗೊಮ್ಮೆ ಬತ್ತಿಯನ್ನು ಬದಲಿಸಬೇಕೆಂಬ ಉಪಚಾರವನ್ನೂ ಆ ಗ್ರಂಥ ಮರೆಯದೆ ಹೇಳುತ್ತದೆ. ವಿಧಾನಗಳು ಇಂದು ಬದಲಾಗಿವೆ. ಚುಚ್ಚಿದವನ ಹೊಣೆ ಚುಚ್ಚಿದಲ್ಲಿಗೆ ಮುಗಿಯದೆಂಬ ತತ್ತ್ವ ಮಾತ್ರ ಹಾಗೆಯೇ ನಿಂತಿದೆ.

ಕಿವಿಯ ಗಾಯ ಮಾಯುವ ಬಗೆ ಇತರ ಗಾಯಗಳಂತಲ್ಲ. ನಡುವೆ ತಂತಿಯಿರುವುದರಿಂದ ಗಾಯದ ಎರಡು ಅಂಚುಗಳು ಕೂಡಲಾರವು. ಆದಕಾರಣ ಹೊಸ ಚರ್ಮವು ಮುಂದಿನ ಬಾಯಿಂದಲೂ ಹಿಂದಿನ ಬಾಯಿಂದಲೂ ಒಳಮುಖವಾಗಿ ಬೆಳೆಯುತ್ತ, ತಂತಿಯ ಸುತ್ತ ಒಂದು ಸಣ್ಣ ಕೊಳವೆಯನ್ನು ಹೆಣೆಯುತ್ತದೆ. ಹೊರಗಿನ ಬಾಯಿಗಳು ಮೊದಲು ಮಾಯ್ದು ನಡುಭಾಗ ಕಟ್ಟಕಡೆಗೆ ಮಾಯುವುದರಿಂದ, ಕಣ್ಣಿಗೆ ಎಲ್ಲವೂ ಸರಿಯಾದಂತೆ ತೋರಿದಾಗಲೂ ಒಳಗೆ ಹಸಿಯಿರುವುದುಂಟು. ಹಾಲೆಗೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಬುಗುಡಿಯನ್ನಿಡುವ ಮೇಲ್ಗಿವಿಯಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ, ಹೊದ್ದಿರುವ ಪೊರೆಯಿಂದಲೇ ಅದು ಪೋಷಣೆಯನ್ನು ಪಡೆಯಬೇಕು. ಅಲ್ಲಿನ ಗಾಯಕ್ಕೆ 6 ತಿಂಗಳಿಂದ ಒಂದು ವರ್ಷದವರೆಗೂ ಹಿಡಿಯಬಹುದು.

ಹೀಗಿರಲಾಗಿ, ಆರೈಕೆಯ ಮೊದಲ ಸೂತ್ರ ಕೈಯ ಸಂಯಮ. ತಂತಿ ಅಂಟಿಕೊಂಡೀತೆಂಬ ಭಯದಿಂದ ದಿನಕ್ಕೆರಡು ಬಾರಿ ಅದನ್ನು ತಿರುಗಿಸುವ ರೂಢಿ ನಮ್ಮಲ್ಲಿದೆ. ಪ್ರತಿಸಲ ತಿರುಗಿಸಿದಾಗಲೂ ಎಳೆಯ ಚರ್ಮ ಹರಿಯುತ್ತದೆ, ದೇಹ ಮತ್ತೆ ಮೊದಲಿನಿಂದ ನೇಯತೊಡಗಬೇಕಾಗುತ್ತದೆ. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವ ಅಜ್ಜಿಯ ವಾತ್ಸಲ್ಯ ವಂದನೀಯವಾದುದೇ. ಆದರೆ ಆ ಲೇಪ ರಂಧ್ರದ ಬಾಯಿಗೆ ಕಟ್ಟಿಕೊಂಡು ಕೊಳೆಯನ್ನು ಒಳಗೇ ಉಳಿಸುತ್ತದೆ. ಬೇವಿನ ಕಡ್ಡಿಯನ್ನು ತೂರಿಸುವುದೂ ಅಪಾಯಕರ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಕ್ರಿಮಿಗಳ ಜೊತೆಗೆ ಹೊಸ ಚರ್ಮವನ್ನೂ ಸುಡುತ್ತವೆ.

ಬೇಕಾದುದು ಉಪ್ಪುನೀರು ಮಾತ್ರ. ಕುದಿಸಿ ಆರಿಸಿದ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರಿನಲ್ಲಿ ಕಾಲು ಟೀಚಮಚ ಅಯೋಡಿನ್ ಬೆರೆಸದ ಉಪ್ಪನ್ನು ಕರಗಿಸಬೇಕು. ಔಷಧದಂಗಡಿಯ ಸಲೈನ್ ದ್ರಾವಣವಾದರೆ ಇನ್ನೂ ಲೇಸು. ಸಾಬೂನಿನಿಂದ ಕೈ ತೊಳೆದುಕೊಂಡು, ಶುಚಿಯಾದ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ದಿನಕ್ಕೆರಡು ಬಾರಿ ಹಾಲೆಯ ಮುಂದೆಯೂ ಹಿಂದೆಯೂ ಒತ್ತಿ ಹಿಡಿದರೆ ಹಕ್ಕಳೆ ನೆನೆದು ತಾನಾಗಿಯೇ ಬಿಡುತ್ತದೆ; ಅದನ್ನು ಉಗುರಿನಿಂದ ಕೀಳಬಾರದು. ಬಳಿಕ ಹಗುರವಾಗಿ ಒತ್ತಿ ತೇವವನ್ನು ಆರಿಸಬೇಕು. ದಿಂಬಿನ ಬಟ್ಟೆ ಶುಚಿಯಾಗಿರಲಿ, ಕೂದಲು ತಂತಿಗೆ ಸಿಕ್ಕದಿರಲಿ, ಗಾಯ ಮಾಯುವ ತನಕ ಕೆರೆ, ಬಾವಿ, ಈಜುಕೊಳಗಳ ಸ್ನಾನ ಬೇಡ. ತಿರುಪನ್ನು ಬಿಗಿಯಾಗಿ ತಿರುಗಿಸದೆ ಊತಕ್ಕೆ ಎಡೆಗೊಡಬೇಕು. ಅಗ್ಗದ ಓಲೆಗಳಲ್ಲಿ ಬೆರೆತಿರುವ ನಿಕ್ಕಲ್ ಲೋಹ ಅನೇಕರ ಚರ್ಮಕ್ಕೆ ಒಗ್ಗದಾದ್ದರಿಂದ, ಮೊದಲ ಆಭರಣವು ಒಳ್ಳೆಯ ಚಿನ್ನದ್ದೋ ಟೈಟಾನಿಯಮ್ಮಿನದೋ ಆಗಿರುವುದು ಕ್ಷೇಮಕರ. ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂಬುದನ್ನು ಚುಚ್ಚಿಸುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಮೊದಲ ಕೆಲವು ದಿನ ಸ್ವಲ್ಪ ಕೆಂಪು, ತುಸು ಊತ, ತಿಳಿಯಾದ ಹಳದಿ ಛಾಯೆಯ ದ್ರವ ಇವು ಸಹಜ; ಆ ದ್ರವ ಕೀವಲ್ಲ. ಕೆಂಪು ದಿನದಿನಕ್ಕೆ ಹರಡಿ, ಕಿವಿ ಬಿಸಿಯೇರಿ ಮಿಡಿದು ನೋಯುತ್ತ, ದಪ್ಪನೆಯ ಕೀವು ಒಸರಿದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಗಾಬರಿಯಿಂದ ತಂತಿಯನ್ನು ತೆಗೆದುಬಿಟ್ಟರೆ ಬಾಯಿಗಳು ಮುಚ್ಚಿ ಕೀವು ಒಳಗೇ ಸೆರೆಯಾಗಬಹುದಾದ್ದರಿಂದ ಆ ನಿರ್ಣಯವನ್ನೂ ಅವರಿಗೇ ಬಿಡುವುದು ಯುಕ್ತ. ಮೇಲ್ಗಿವಿ ಬಾತರಂತೂ ಒಂದು ದಿನವನ್ನೂ ಕಳೆಯಲಾಗದು. ಪೊರೆಗೆ ಸೋಂಕು ತಗುಲಿದರೆ ಮೃದ್ವಸ್ಥಿ ಪೋಷಣೆಯಿಲ್ಲದೆ ನಶಿಸಿ, ಕಿವಿಯ ಆಕಾರವೇ ಶಾಶ್ವತವಾಗಿ ಮುದುಡಬಹುದು. ಗಾಯದ ಗಡಿಯನ್ನು ಮೀರಿ ಗಂಟಾಗಿ ಬೆಳೆಯುವ ಕೀಲಾಯ್ಡ್ ಕಲೆ ಮನೆತನದಲ್ಲಿ ಯಾರಿಗಾದರೂ ಇದ್ದರೆ, ಚುಚ್ಚಿಸುವ ಮುನ್ನವೇ ವೈದ್ಯರನ್ನು ಕೇಳಬೇಕು.

ಹಾಲೆ ಮಾಯ್ದ ಮೇಲೂ ಅದನ್ನು ಬಹುಕಾಲ ಬರಿದಾಗಿ ಬಿಟ್ಟರೆ ಎಳೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಹಾಗೆಂದು ಅವಸರಪಟ್ಟು ಭಾರವಾದ ಜುಮುಕಿಯನ್ನು ತೂಗಹಾಕಿದರೆ ಹಾಲೆ ಹರಿಯುತ್ತದೆ. ಕಿವಿ ಚುಚ್ಚುವ ವಿಧಾನವನ್ನು ಹೇಳಿದ ಸುಶ್ರುತನ ಅಧ್ಯಾಯವೇ ಹರಿದ ಹಾಲೆಯನ್ನು ಜೋಡಿಸುವ 15 ಬಗೆಗಳನ್ನೂ ವಿವರಿಸುತ್ತದೆ. ಸೂಜಿಯ ಹಿಂದೆಯೇ ಹೊಲಿಗೆಯನ್ನೂ ಕಲಿಸಬೇಕಾಗಿ ಬಂದ ಆ ವೈದ್ಯರು ಹರಿದ ಕಿವಿಗಳನ್ನು ಎಷ್ಟು ಕಂಡಿರಬೇಕು! ನಮ್ಮ ಮಗುವಿಗೆ ಆ ಹೊಲಿಗೆ ಬೇಡವೆಂದರೆ, ಜುಮುಕಿ ಪೆಟ್ಟಿಗೆಯಲ್ಲಿ ಇನ್ನೂ ಕೆಲವು ತಿಂಗಳು ಕಾಯಲಿ.