ಕಾಲುಗುರಿನ ರೋಗಗಳು ಮತ್ತು ಅವುಗಳ ಆರೈಕೆ

1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಕಾಲುವೆಗಳಿಂದ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಬತ್ತದ ಗದ್ದೆಗಳು ಹರಡಿದುವು. ನಾಟಿಯ ದಿನಗಳಲ್ಲಿ ಕೂಲಿಕಾರರ ಪಾದಗಳು ಹೊತ್ತೆಲ್ಲ ಕೆಸರಿನಲ್ಲಿರುತ್ತವೆ. ನೆನೆದ ಚರ್ಮವು ಉಗುರಿನಂಚಿನಲ್ಲಿ ಬಿರಿದಾಗ ರೋಗಾಣುಗಳು ಒಳಹೊಕ್ಕು ಕೀವುಗಟ್ಟುವುದೇ ಉಗುರುಸುತ್ತು. ಉಗುರು ದಪ್ಪಗಾಗಿ, ಹಳದಿಗಟ್ಟಿ ಪುಡಿಯಾಗುವುದು ಸಾಮಾನ್ಯವಾಗಿ ಶಿಲೀಂಧ್ರದ ಸೋಂಕಿನಿಂದ. ಮೂಲೆಗಳನ್ನು ಆಳವಾಗಿ ಕತ್ತರಿಸಿದರೆ ಉಗುರು ಮಾಂಸದೊಳಗೆ ಬೆಳೆದೀತು.

ಆದುದರಿಂದ ಕೆಲಸ ಮುಗಿದೊಡನೆ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು; ಉಗುರನ್ನು ನೇರವಾಗಿ ಕತ್ತರಿಸಬೇಕು. ಕಾಲ ಹೆಬ್ಬೆರಳಿನ ಉಗುರು ಪೂರ್ಣವಾಗಿ ಬೆಳೆಯಲು 12ರಿಂದ 18 ತಿಂಗಳು ಹಿಡಿಯುವುದರಿಂದ ಶಿಲೀಂಧ್ರದ ಚಿಕಿತ್ಸೆಗೆ ತಾಳ್ಮೆ ಅವಶ್ಯ.

ಮಧುಮೇಹಿಗಳ ವಿಷಯ ಬೇರೆ. ನರಗಳು ಜಡಗೊಂಡ ಪಾದಕ್ಕೆ ನೋವೇ ತಿಳಿಯದು. ಬ್ಲೇಡು ತಾಗಿದ ಸಣ್ಣ ಗಾಯವೂ ಕೊಳೆತು, ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಒದಗಬಹುದು. ಅಂಥವರು ಉಗುರಿನ ಮೂಲೆಯನ್ನು ತಾವೇ ಕೊಯ್ದುಕೊಳ್ಳಬಾರದು. ಕೀವು, ಊತ ಅಥವಾ ಕಪ್ಪು ಬಣ್ಣ ಕಂಡ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಪಾದಚಿಕಿತ್ಸೆಯೆಂಬ ಪ್ರತ್ಯೇಕ ಶಾಖೆ ನಮ್ಮಲ್ಲಿನ್ನೂ ಎಳೆಯದು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಅದರ ವಿಭಾಗವುಂಟು. ಅಷ್ಟು ದೂರ ಹೋಗಲಾರದವರು ಚರ್ಮರೋಗ ತಜ್ಞರನ್ನೋ ಶಸ್ತ್ರವೈದ್ಯರನ್ನೋ ಕಾಣುವುದು ಉಚಿತ. ಇಲ್ಲಿ ವೈದ್ಯರ ದೂರಕ್ಕಿಂತ ನಮ್ಮ ವಿಳಂಬವೇ ಹೆಚ್ಚು ಅಪಾಯಕರ.