ಕ್ರೈಸ್ತರ ಪ್ರಾರ್ಥನೆ: ಚರ್ಚಿನಿಂದ ಮನೆಯವರೆಗೆ

ಬೆಂಗಳೂರಿನ ವಿವೇಕನಗರದಲ್ಲಿರುವ ಬಾಲಯೇಸು ದೇವಾಲಯದಲ್ಲಿ ಗುರುವಾರ ಬಂತೆಂದರೆ ಜನಸಂದಣಿ. ಕೈಯಲ್ಲಿ ಮೇಣದ ಬತ್ತಿ, ಮನದಲ್ಲಿ ಒಂದು ಕೋರಿಕೆ. ಮಗಳ ಮದುವೆ, ಮಗನ ಪರೀಕ್ಷೆ, ವಾಸಿಯಾಗದ ಕಾಯಿಲೆ, ಕೈತಪ್ಪಿದ ಉದ್ಯೋಗ ಹೀಗೆ ಕೋರಿಕೆಗಳು ನೂರಾರು. ಬರುವವರಲ್ಲಿ ಅನ್ಯಧರ್ಮೀಯರೂ ಅನೇಕರಿದ್ದಾರೆ. ಕ್ರೈಸ್ತರ ಪ್ರಾರ್ಥನೆಯೆಂದರೆ ದೇವರಲ್ಲಿ ಬೇಡಿಕೊಳ್ಳುವುದು ಎಂದಷ್ಟೇ ನೋಡುವವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಬೇಡಿಕೆಗೆ ಅಲ್ಲಿ ಸ್ಥಾನವಿದೆ, ನಿಜ. ಆದರೆ ಬೇಡುವವನ ಮೇಲೆ ಒಂದು ಹೊಣೆಯೂ ಇದೆ. ದೇವರೊಡನೆ ಮಾತನಾಡಿದವನು ನೆರೆಯವನೊಡನೆ ಮಾತು ಬಿಟ್ಟಿರಲಾಗದು ಎಂಬುದೇ ಆ ಹೊಣೆ.

ಯೇಸು ಕಲಿಸಿದ ಪ್ರಾರ್ಥನೆ: ಕ್ರೈಸ್ತರ ಎಲ್ಲ ಪ್ರಮುಖ ಪಂಗಡಗಳೂ ಹೇಳುವ ಪ್ರಾರ್ಥನೆಯೊಂದಿದೆ. ದೇವರನ್ನು ತಂದೆಯೆಂದು ಕರೆಯುತ್ತ ಆರಂಭವಾಗುವ ಈ ಪ್ರಾರ್ಥನೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎರಡು ಕಡೆ ಬರುತ್ತದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಅದರ ದೀರ್ಘ ರೂಪವಿದ್ದರೆ, ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಚಿಕ್ಕ ರೂಪವಿದೆ. ಇದನ್ನು ಕಲಿಸುವ ಮುನ್ನ ಯೇಸು ಎರಡು ಎಚ್ಚರಿಕೆಗಳನ್ನು ನೀಡಿದರೆಂದು ಮತ್ತಾಯ ಬರೆಯುತ್ತಾನೆ. ಜನ ನೋಡಲೆಂದು ಬೀದಿಯಲ್ಲಿ ನಿಂತು ಪ್ರಾರ್ಥಿಸಬಾರದು, ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕು ಎಂಬುದು ಮೊದಲನೆಯದು. ಮಾತು ಹೆಚ್ಚಿದಷ್ಟೂ ದೇವರು ಕೇಳುತ್ತಾನೆಂದು ಭ್ರಮಿಸಬಾರದು ಎಂಬುದು ಎರಡನೆಯದು.

ಪ್ರಾರ್ಥನೆಯ ರಚನೆಯೂ ಗಮನಾರ್ಹ. ಮತ್ತಾಯನ ಪಾಠದಲ್ಲಿ ಏಳು ಬಿನ್ನಹಗಳಿವೆ ಎಂದು ಕಥೋಲಿಕ ಪರಂಪರೆ ಎಣಿಸುತ್ತದೆ. ಮೊದಲ ಮೂರು ದೇವರ ನಾಮ, ರಾಜ್ಯ ಮತ್ತು ಚಿತ್ತಕ್ಕೆ ಸಂಬಂಧಿಸಿದವು. ಅನ್ನದ ಮಾತು ಬರುವುದು ಅನಂತರವೇ. ಅದೂ ನನ್ನ ಅನ್ನವಲ್ಲ, ನಮ್ಮ ಅನ್ನ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಹೇಳಿದರೂ ಇಲ್ಲಿ ಬಹುವಚನವೇ ಉಳಿಯುತ್ತದೆ. ಏಳರಲ್ಲಿ ಒಂದು ಬಿನ್ನಹಕ್ಕೆ ಮಾತ್ರ ಬೇಡುವವನ ನಡತೆಯೂ ಸೇರಿಕೊಂಡಿದೆ. ತನಗೆ ತಪ್ಪು ಮಾಡಿದವರನ್ನು ಕ್ಷಮಿಸಿದ ಹಾಗೆ ತನ್ನನ್ನೂ ಕ್ಷಮಿಸಬೇಕೆಂಬ ಕೋರಿಕೆ ಅದು. ಪ್ರಾರ್ಥನೆ ಮುಗಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡು ವಿವರಿಸುವುದೂ ಅದೊಂದನ್ನೇ.

ಆರಾಧನೆಯಲ್ಲಿ ಅದರ ಸ್ಥಾನ: ಕಥೋಲಿಕರ ಬಲಿಪೂಜೆ ಆದಿಯಿಂದ ಅಂತ್ಯದವರೆಗೆ ಪ್ರಾರ್ಥನೆಯೇ. ಶಿಲುಬೆಯ ಗುರುತಿನೊಡನೆ ಆರಂಭವಾಗಿ, ತಪ್ಪೊಪ್ಪಿಗೆ, ಬೈಬಲ್ ವಾಚನ, ಪ್ರವಚನಗಳ ನಂತರ ವಿಶ್ವಾಸಿಗಳ ಪ್ರಾರ್ಥನೆ ಬರುತ್ತದೆ. ಧರ್ಮಸಭೆ, ನಾಡನ್ನು ಆಳುವವರು, ಸಂಕಟದಲ್ಲಿರುವವರು ಹಾಗೂ ಊರಿನ ಜನರಿಗಾಗಿ ಅಲ್ಲಿ ಬೇಡಲಾಗುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆಯ ತರುವಾಯ ಎಲ್ಲರೂ ಒಟ್ಟಾಗಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತಾರೆ. ಆಮೇಲೆ ಅಕ್ಕಪಕ್ಕದವರಿಗೆ ಕೈಮುಗಿದು ಶಾಂತಿ ಕೋರುತ್ತಾರೆ. ಪರಮಪ್ರಸಾದ ಸ್ವೀಕಾರ ಅದರ ನಂತರ. ಕ್ಷಮೆ, ಶಾಂತಿ, ಬಳಿಕ ಭೋಜನ ಎಂಬ ಈ ಕ್ರಮ ಅರ್ಥಪೂರ್ಣವಾದುದು. ಬಲಿಪೀಠದ ಬಳಿ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದು ಯೇಸು ಬೋಧಿಸಿದ್ದನ್ನು ಅದು ನೆನಪಿಸುತ್ತದೆ.

ಹೇಳುವವನಿಗೇ ಅರ್ಥವಾಗದಿದ್ದರೆ ಪ್ರಾರ್ಥನೆ ಬರಿಯ ಉಚ್ಚಾರಣೆಯಾಗಿಬಿಡುತ್ತದೆ. ಪ್ರೊಟೆಸ್ಟೆಂಟರು ಆರಂಭದಿಂದಲೂ ಜನರ ಭಾಷೆಗೆ ಒತ್ತು ಕೊಟ್ಟವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕನ್ನಡ ಕಲಿತು ಕನ್ನಡದಲ್ಲೇ ಕೆಲಸ ಮಾಡಿತು. ಕಥೋಲಿಕರ ಬಲಿಪೂಜೆ ಮಾತ್ರ ಬಹುಕಾಲ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ವಿಧಿಯ ಶಾಸನವು ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅದಾದ ಮೇಲೆಯೇ ಬಲಿಪೂಜೆ ಕನ್ನಡದಲ್ಲಿ ಕೇಳಿಬಂದುದು.

ದಿನಚರಿಯಲ್ಲಿ ಪ್ರಾರ್ಥನೆ: ಆದಿ ಕ್ರೈಸ್ತರ 'ಡಿಡಕೆ' ಎಂಬ ಗ್ರೀಕ್ ಗ್ರಂಥ ಯೇಸುವಿನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳುವಂತೆ ವಿಧಿಸುತ್ತದೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠವಾಸಿಗಳಿಗೆ 150 ಕೀರ್ತನೆಗಳನ್ನು ವಾರಕ್ಕೊಮ್ಮೆ ಪೂರ್ಣಗೊಳಿಸುವ ನಿಯಮ ಮಾಡಿದ. ಓದು ಬಾರದ ಜನಸಾಮಾನ್ಯರಿಗೆ ಅದು ಸಾಧ್ಯವಿರಲಿಲ್ಲ. 150 ಕೀರ್ತನೆಗಳಿಗೆ ಬದಲಾಗಿ 150 ಸಲ ಮೇರಿಮಾತೆಯ ವಂದನೆ ಹೇಳುವ ಜಪಸರ ಅವರ ಪಾಲಿಗೆ ಒದಗಿತು. ಮಣಿಗಳೇ ಅವರ ಪುಸ್ತಕ. 2002ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಜಪಸರದ 15 ಧ್ಯಾನ ಪ್ರಸಂಗಗಳಿಗೆ ಇನ್ನೂ ಐದನ್ನು ಸೇರಿಸಿದರು.

ಕರಾವಳಿಯ ಕೊಂಕಣಿ ಕಥೋಲಿಕರು ಈ ಜಪವನ್ನು 'ತೇರ್ಸ್' ಎನ್ನುತ್ತಾರೆ. ಸಂಜೆ ಮನೆಮಂದಿಯೆಲ್ಲ ದೇವರ ಪೀಠದ ಮುಂದೆ ಸೇರಿ ತೇರ್ಸ್ ಹೇಳುವುದು ಅಲ್ಲಿನ ಹಳೆಯ ಪದ್ಧತಿ. ಜಪ ಮುಗಿದ ಬಳಿಕ ಕಿರಿಯರು ಹಿರಿಯರೆದುರು ಕೈಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ ಬೇಡುತ್ತಾರೆ. ಹಗಲಿನಲ್ಲಿ ಎಷ್ಟೇ ಜಗಳವಾಗಿದ್ದರೂ ರಾತ್ರಿ ಊಟಕ್ಕೆ ಮುನ್ನ ಒಬ್ಬರ ಮುಖ ಇನ್ನೊಬ್ಬರು ನೋಡಲೇಬೇಕು. ಮಕ್ಕಳು ಬೆಂಗಳೂರು, ಕೊಲ್ಲಿ ರಾಷ್ಟ್ರಗಳೆಂದು ಚದುರಿಹೋಗಿ, ಕೆಲಸದ ವೇಳೆ ಬದಲಾದ ಇಂದಿನ ಮನೆಗಳಲ್ಲಿ ಈ ಅರ್ಧ ಗಂಟೆ ದುಬಾರಿಯಾಗುತ್ತಿದೆ. ಅದರೊಡನೆ ಆ ಮುಖಾಮುಖಿಯೂ ದೂರವಾಗುತ್ತಿದೆ.

ಕೇಳಿದ್ದು ಸಿಗದಿದ್ದಾಗ: ಪ್ರಾರ್ಥಿಸಿದ್ದೆಲ್ಲ ಈಡೇರುತ್ತದೆಯೇ ಎಂಬ ಪ್ರಶ್ನೆ ಭಕ್ತರನ್ನು ಕಾಡದೆ ಬಿಡುವುದಿಲ್ಲ. ಬೈಬಲ್ ಇದನ್ನು ಮರೆಮಾಚಿಲ್ಲ. ತನ್ನ ಶರೀರದ ಮುಳ್ಳನ್ನು ತೆಗೆದುಹಾಕೆಂದು ಸಂತ ಪೌಲ ಮೂರು ಬಾರಿ ಬೇಡಿದರೂ ಅದು ಹೋಗಲಿಲ್ಲ. ಗೆತ್ಸೆಮನೆ ತೋಟದಲ್ಲಿ, ಬಂಧನಕ್ಕೆ ಮುನ್ನ, ಸಂಕಟದ ಪಾತ್ರೆ ತನ್ನಿಂದ ದಾಟಿಹೋಗಲೆಂದು ಯೇಸುವೇ ಬೇಡಿದ. ದೇವರ ಚಿತ್ತ ನೆರವೇರಲೆಂದು ತಾನು ಶಿಷ್ಯರಿಗೆ ಕಲಿಸಿದ ಮಾತನ್ನೇ ಕೊನೆಗೆ ತಾನೂ ಹೇಳಿದ. ಪಾತ್ರೆ ದಾಟಿಹೋಗಲಿಲ್ಲ, ಶಿಲುಬೆ ತಪ್ಪಲಿಲ್ಲ.

ಆದ್ದರಿಂದಲೇ ಕ್ರೈಸ್ತ ಬೋಧಕರು ಪ್ರಾರ್ಥನೆಯ ಫಲವನ್ನು ಈಡೇರಿದ ಕೋರಿಕೆಗಳಿಂದ ಅಳೆಯಬೇಡಿರೆಂದು ಹೇಳುತ್ತ ಬಂದಿದ್ದಾರೆ. ಗುರುವಾರದ ಮೇಣದ ಬತ್ತಿ ಕರಗಿ ಮುಗಿಯುತ್ತದೆ. ಅದನ್ನು ಹಚ್ಚಿದವನು ಮನೆಗೆ ಮರಳಿದ ಮೇಲೆ, ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಬಾಗಿಲನ್ನು ತಟ್ಟಿದನೇ ಎಂಬುದನ್ನು ಅವನು ಹೇಳಿದ ಪ್ರಾರ್ಥನೆಯೇ ಕೇಳುತ್ತದೆ.