ಮುತ್ತಾತನ ಊರು ನಕ್ಷೆಯಲ್ಲಿ ಎಲ್ಲಿದೆ?

ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ತೆರೆದಾಗ ಮುತ್ತಾತನ ಕಾಲದ ಕ್ರಯಪತ್ರವೊಂದು ಕೈಗೆ ಸಿಕ್ಕಿತೆನ್ನಿ. ಛಾಪಾಕಾಗದದ ನೆತ್ತಿಯ ಮೇಲೆ ಬ್ರಿಟಿಷ್ ದೊರೆಯ ಮುದ್ರೆ. ಒಳಗೆ ‘ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು’ ಎಂಬ ಬರಹ. ಊರಿನ ಹೆಸರೂ ಇದೆ. ಆದರೆ ಇಂದಿನ ಕೊಯಮತ್ತೂರಿನ ನಕ್ಷೆಯನ್ನು ಎಷ್ಟು ತಡಕಿದರೂ ಆ ಊರು ಕಾಣದು. ‘ನಮ್ಮ ಮೂಲ ಯಾವುದಪ್ಪಾ?’ ಎಂದು ಮಕ್ಕಳು ಕೇಳಿದರೆ ಉತ್ತರವೇನು?

ಊರು ಕದಲಿಲ್ಲ, ಕದಲಿದ್ದು ಗಡಿ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೊಳ್ಳೇಗಾಲದ ಸೀಮೆಯು ಕಂಪನಿಯ ವಶವಾಗಿ ಕೊಯಮತ್ತೂರಿಗೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಬಳಿಕ ಹನೂರೇ ತಾಲ್ಲೂಕಾಯಿತು. ವೀರಪ್ಪನ್‌ನ ಹುಟ್ಟೂರೆಂದು ಪತ್ರಿಕೆಗಳಲ್ಲಿ ಹೆಸರಾದ, ಹೊಗೇನಕಲ್ ಜಲಪಾತದ ಸಮೀಪದ ಗೋಪಿನಾಥಂ ಎಂಬ ಕಾಡಂಚಿನ ಊರನ್ನೇ ನೋಡಿ. 1956ಕ್ಕೆ ಮೊದಲು ಅಲ್ಲಿ ಹುಟ್ಟಿದ ಹಿರಿಯರು ಮನೆಯ ಜಗಲಿ ಬಿಟ್ಟು ಕದಲದೆಯೇ ಎರಡು ರಾಜ್ಯ, ಮೂರು ಜಿಲ್ಲೆಗಳನ್ನು ಕಂಡಿದ್ದಾರೆ!

ಆದ್ದರಿಂದ ಹಳೆಯ ದಾಖಲೆಗಳನ್ನು ಅರಸುವವರು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರವನ್ನೂ ಮರೆಯಬಾರದು. ನಿಕಲ್ಸನ್ ಎಂಬ ಅಧಿಕಾರಿ 1887ರಲ್ಲಿ ಪ್ರಕಟಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯೂ ನೆರವಾದೀತು. ಪತ್ರದಲ್ಲಿರುವುದು ಸಣ್ಣ ದೊಡ್ಡಿಯ ಹೆಸರಾಗಿದ್ದರೆ, ಅದು ಯಾವ ಗ್ರಾಮದ ಮಜರೆಯೆಂದು ಮೊದಲು ತಿಳಿಯಬೇಕು. ಹೆಸರಿಗಿಂತಲೂ ಚಕ್ಕುಬಂದಿಯಲ್ಲಿ ಬರೆದ ಹಳ್ಳ, ಗುಡ್ಡ, ಗುಡಿಗಳೇ ಹೆಚ್ಚು ನಂಬಿಕೆಯ ಗುರುತುಗಳು.

ಹಳೆಯ ನಕ್ಷೆಯನ್ನು ನೋಡುವವರಿಗೆ ಇನ್ನೊಂದು ಎಚ್ಚರಿಕೆ. ಆಗಿನ ಮೋಜಣಿಯವರು ಮದರಾಸಿನ ವೀಕ್ಷಣಾಲಯದ ರೇಖಾಂಶವನ್ನು ಆಧಾರವಾಗಿಟ್ಟುಕೊಂಡಿದ್ದರು. ಆ ಲೆಕ್ಕದಲ್ಲಿ ಸುಮಾರು 2 ಕಲೆ 27 ವಿಕಲೆಗಳಷ್ಟು ತಪ್ಪಿತ್ತೆಂದು ಆಮೇಲೆ ತಿಳಿದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ತಿದ್ದಿದರು. ನಮ್ಮ ಅಕ್ಷಾಂಶದಲ್ಲಿ ಇದು ಸುಮಾರು ನಾಲ್ಕೂವರೆ ಕಿಲೋಮೀಟರು. ಹಳೆಯ ಅಂಕಿಯನ್ನು ಹಾಗೆಯೇ ಹೊಸ ನಕ್ಷೆಯಲ್ಲಿ ಗುರುತಿಸಿದರೆ ಊರು ಅಷ್ಟು ಪೂರ್ವಕ್ಕೆ ಸರಿಯುತ್ತದೆ. ಕಾವೇರಿಯೇ ಗಡಿಯಾಗಿರುವೆಡೆ ಮುತ್ತಾತ ಹೊಳೆ ದಾಟಿ ತಮಿಳುನಾಡು ಸೇರಿಬಿಡಬಹುದು!

ಈ ತಿದ್ದುಪಡಿ ಮಾಡಿ, ಇಸ್ರೋದ ‘ಭುವನ್’ ನಕ್ಷೆಯಲ್ಲಿ ಹಳ್ಳದ ತಿರುವನ್ನೂ ಗುಡ್ಡದ ಸಾಲನ್ನೂ ಹೋಲಿಸಿ ನೋಡಬೇಕು. ಸ್ಥಳಕ್ಕೆ ಹೋದವರಿಗೆ ರಾಜ್ಯದ ಮೋಜಣಿ ಇಲಾಖೆಯ ‘ದಿಶಾಂಕ್’ ನಿಂತ ನೆಲದ ಸರ್ವೆ ನಂಬರನ್ನು ತಿಳಿಸುತ್ತದೆ.

ಇಷ್ಟಾದರೂ ಕೆಲವರಿಗೆ ಸಿಕ್ಕುವುದು ನೀರು ಮಾತ್ರ. 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯು 120 ಅಡಿಗಳವರೆಗೆ ನೀರು ತಡೆದು, ಕಾವೇರಿಯ ದಂಡೆಯ ಹಲವು ಹಳ್ಳಿಗಳನ್ನು ಮುಳುಗಿಸಿತು. ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ದೇಗುಲದ ನಂದಿಯೂ ಇಗರ್ಜಿಯ ಗೋಪುರವೂ ತಲೆಯೆತ್ತುತ್ತವೆ. ಮಳೆಗಾಲ ಬಂದರೆ ಮತ್ತೆ ಮರೆಯಾಗುತ್ತವೆ.

ಕಾಗದ ಅರಸಲು ನಾಳೆಯೂ ಸಮಯವಿದೆ. ಆದರೆ ಮನೆಯಲ್ಲಿ ತೊಂಬತ್ತರ ಅಜ್ಜಿಯಿದ್ದರೆ ಇಂದು ಸಂಜೆಯೇ ಬಳಿ ಕುಳಿತು ಕೇಳಿ: ಬಾವಿ ಯಾವ ದಿಕ್ಕಿಗಿತ್ತು? ಸಂತೆಗೆ ಎಲ್ಲಿಗೆ ಹೋಗುತ್ತಿದ್ದಿರಿ? ಊರ ದೇವರು ಯಾರು? ಅವರು ಹೇಳಿದ್ದನ್ನು ಬರೆದಿಡಿ. ಆ ಬಾವಿ ಯಾವ ನಕ್ಷೆಯಲ್ಲಿಯೂ ಇಲ್ಲ.